ಬೀಡಿನ ಬಾಣಲೆಯೊಂದರಲ್ಲೇ ರಾತ್ರಿಯ ಊಟ

ಮಧ್ಯಾಹ್ನಕ್ಕೆ ಅನ್ನ, ಸಾರು, ಪಲ್ಯವೆಂದು ಮೂರು ನಾಲ್ಕು ಪಾತ್ರೆಗಳು ಒಲೆಯೇರಿದರೂ, ರಾತ್ರಿಯ ಹೊತ್ತಿಗೆ ರೊಟ್ಟಿಯನ್ನೋ ಉಪ್ಪಿಟ್ಟನ್ನೋ ದಪ್ಪ ದೋಸೆಯನ್ನೋ ಮಾಡಿ ಮುಗಿಸುವ ವಾಡಿಕೆ ನಮ್ಮಲ್ಲಿ ಹಳೆಯದು. ಶನಿವಾರ ರಾತ್ರಿ ಫಲಾಹಾರ ಮಾಡುವ ಮನೆಗಳಲ್ಲಂತೂ ಅದು ನಿಯಮವೇ ಆಗಿದೆ. ಇವೆಲ್ಲ ಒಂದೇ ಪಾತ್ರೆಯಲ್ಲಿ ಮುಗಿಯುವ ಅಡುಗೆಗಳು. ಆ ಪಾತ್ರೆ ಬೀಡು ಕಬ್ಬಿಣದ್ದಾದರೆ, ಅಂದರೆ ಅಂಗಡಿಯಲ್ಲಿ ಕಾಸ್ಟ್ ಐರನ್ ಎಂದು ಕೇಳಿದರೆ ಕೊಡುವಂಥದ್ದಾದರೆ, ಸಾಧಾರಣ ಹಿಟ್ಟಿಗೂ ರವೆಗೂ ಬೇರೆ ಪಾತ್ರೆಯಲ್ಲಿ ಬಾರದ ಗರಿಮುರಿ ಬರುತ್ತದೆ. ಆದರೆ ಅದನ್ನು ನಾನ್‌ಸ್ಟಿಕ್ ಬಾಣಲೆಯಂತೆ ಬಳಸಲು ಹೋದವರು ಒಂದೆರಡು ಸಲ ತಳ ಹಿಡಿಸಿ, ಬೇಸರದಿಂದ ಅಟ್ಟಕ್ಕೆ ಹಾಕುವುದೂ ಉಂಟು. ಬೀಡಿನಲ್ಲಿ ಅಡುಗೆ ಬೇಯುವುದು ಲೋಹ ಹಿಡಿದಿಟ್ಟುಕೊಂಡ ಕಾವಿನಿಂದ. ಉರಿಯ ಕೆಲಸ ಆ ಕಾವನ್ನು ತುಂಬಿಕೊಡುವುದಷ್ಟೆ. ಕೆಳಗೆ ವಿವರಿಸಿರುವ ಎಲ್ಲ ವಿಧಾನಗಳಿಗೂ ಇದೇ ಆಧಾರ.

ಪಾತ್ರೆಯ ಆಯ್ಕೆ

ಮೂರು ನಾಲ್ಕು ಜನರ ಮನೆಗೆ ಸುಮಾರು 25 ಸೆಂಟಿಮೀಟರ್ ಅಗಲದ, ತಳ ಸಮತಟ್ಟಾಗಿರುವ, ಅಂಚು 5 ಸೆಂಟಿಮೀಟರಿನಷ್ಟು ಎತ್ತರವಿರುವ ಬಾಣಲೆ ಸಾಕಾಗುತ್ತದೆ. ಇದರ ತೂಕ ಎರಡು ಕಿಲೋಗಿಂತ ಹೆಚ್ಚೇ ಇರುತ್ತದೆಯಾದ್ದರಿಂದ, ಕೊಳ್ಳುವ ಮೊದಲು ಒಂದು ಕೈಯಲ್ಲಿ ಎತ್ತಿ ನೋಡುವುದು ಜಾಣತನ. ಹಿಡಿಯ ಎದುರು ಬದಿಯಲ್ಲಿ ಇನ್ನೊಂದು ಪುಟ್ಟ ಹಿಡಿಯಿದ್ದರೆ ಮಣಿಕಟ್ಟಿಗೆ ಉಪಕಾರ. ಬಾತುಗಳನ್ನು ಹೆಚ್ಚಾಗಿ ಮಾಡುವವರು ಅಗಲದ ಬಾಣಲೆಗಿಂತ ಆಳವಾದ ಬಂಡಿಯನ್ನು ಆರಿಸಿಕೊಳ್ಳಬಹುದು. ಮುಚ್ಚಳಕ್ಕೆಂದು ಬೇರೆ ದುಡ್ಡು ಕೊಡಬೇಕಿಲ್ಲ. ಅಂಚನ್ನು ಪೂರ್ತಿ ಮುಚ್ಚುವ ಯಾವುದೇ ಸ್ಟೀಲ್ ಮುಚ್ಚಳ ಅಥವಾ ತಟ್ಟೆ ನಡೆಯುತ್ತದೆ.

ಸಂತೆಯಲ್ಲಿಯೂ ಪಾತ್ರೆ ಅಂಗಡಿಗಳಲ್ಲಿಯೂ ಸಿಗುವ ತೆಳು ತಗಡಿನ ಕಬ್ಬಿಣದ ಬಾಣಲೆಗಳು ಬೇರೆ ಜಾತಿಯವು. ತಗಡು ಬೇಗ ಕಾಯುತ್ತದೆ, ಬೇಗ ಆರುತ್ತದೆ, ಬಿದ್ದರೆ ಬಗ್ಗುತ್ತದೆ. ಬೀಡು ಅಚ್ಚಿನಲ್ಲಿ ಎರಕ ಹೊಯ್ದ ಲೋಹ. ಅದರಲ್ಲಿ ನೂರಕ್ಕೆ ಎರಡರಿಂದ ನಾಲ್ಕರಷ್ಟು ಇಂಗಾಲವಿರುವ ಕಾರಣ ಗಟ್ಟಿಯೂ ಹೌದು, ಪೆಡಸೂ ಹೌದು. ಕಲ್ಲಿನ ನೆಲದ ಮೇಲೆ ಬಿದ್ದರೆ ಸೀಳಬಹುದು. ಕಾದಿರುವಾಗ ತಣ್ಣೀರು ಸುರಿದರಂತೂ ಬಿರುಕು ಬಿಡುವ ಅಪಾಯ ಹೆಚ್ಚು.

ಹೊಸ ಬಾಣಲೆಯನ್ನು ಪಳಗಿಸುವುದು

ಹೊಸದಾಗಿ ತಂದ ಬಾಣಲೆಯನ್ನು ಸೋಪು ಹಾಕಿ ಬಿಸಿನೀರಿನಲ್ಲಿ ತೊಳೆದು, ಒಲೆಯ ಮೇಲಿಟ್ಟು ತೇವವೆಲ್ಲ ಆರುವವರೆಗೆ ಬಿಸಿಮಾಡಬೇಕು. ಅನಂತರ ಒಂದು ಚಮಚ ಕಡಲೆಕಾಯಿ ಅಥವಾ ಸೂರ್ಯಕಾಂತಿ ಎಣ್ಣೆಯನ್ನು ಒಳಗೂ ಹೊರಗೂ ಸವರಿ, ಮತ್ತೊಂದು ಒಣ ಬಟ್ಟೆಯಿಂದ ಆ ಎಣ್ಣೆಯನ್ನೆಲ್ಲ ಒರೆಸಿ ತೆಗೆದೆವೇನೋ ಎನ್ನುವಷ್ಟು ಒರೆಸಬೇಕು. ಈ ಎರಡನೆಯ ಒರೆಸುವಿಕೆಯನ್ನು ಬಿಟ್ಟರೆ ಎಣ್ಣೆ ದಪ್ಪನಾಗಿ ಕುಳಿತು, ಆಮೇಲೆ ಅಂಟಂಟಾದ ಪೊರೆಯಾಗಿ ಉಳಿಯುತ್ತದೆ. ಹದವಾದ ಉರಿಯಲ್ಲಿ ಬಾಣಲೆಯಿಂದ ಹೊಗೆ ಏಳಲು ಶುರುವಾದ ಮೇಲೆ ಹತ್ತು ನಿಮಿಷ ಬಿಟ್ಟು, ಉರಿ ಆರಿಸಿ, ತಾನಾಗಿ ತಣ್ಣಗಾಗಲು ಬಿಡಬೇಕು. ಶಾಖ ಮತ್ತು ಗಾಳಿ ಸೇರಿ ಎಣ್ಣೆಯನ್ನು ಲೋಹಕ್ಕೆ ಕಚ್ಚಿಕೊಂಡ ಗಟ್ಟಿ ಪದರವಾಗಿ ಮಾರ್ಪಡಿಸುತ್ತವೆ. ಪಳಗಿದ ಕಾವಲಿಯ ಕಪ್ಪು ಹೊಳಪು ಎಂದರೆ ಇದೇ. ಇದನ್ನು ಮೂರು ನಾಲ್ಕು ಬಾರಿ ಮಾಡಿದರೆ ಅಡುಗೆಗೆ ಇಳಿಯಬಹುದು. ಹಿರಿಯರು ಕಾವಲಿಯನ್ನು ಅಕ್ಕಚ್ಚಿನಲ್ಲಿ ಕೆಲವು ದಿನ ನೆನೆಸಿ, ದಿನವೂ ನೀರು ಬದಲಿಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದರು. ಎರಕದ ಮರಳು, ಮಸಿ, ಕಾರ್ಖಾನೆಯ ಎಣ್ಣೆ ಹೋಗುವುದಕ್ಕೆ ಅದು ಒಳ್ಳೆಯ ಉಪಾಯವೇ. ಆದರೆ ಮೊದಲೇ ಪಳಗಿಸಿ ಮಾರುವ ಬಾಣಲೆಗೆ ಅದರ ಅಗತ್ಯವಿಲ್ಲ, ನೆನೆಸಿದರೆ ತುಕ್ಕು ಹಿಡಿದೀತು.

ಪಳಗಿಸುವ ಕೆಲಸ ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ಮೊದಲ ಕೆಲವು ವಾರ ಎಣ್ಣೆ ತುಸು ಹೆಚ್ಚು ಬೇಡುವ ಅಡುಗೆಗಳನ್ನು, ಅಂದರೆ ಒಗ್ಗರಣೆ ಅವಲಕ್ಕಿ, ಆಲೂಗಡ್ಡೆ ಪಲ್ಯ, ದಪ್ಪ ದೋಸೆಯಂಥವನ್ನು ಮಾಡುತ್ತ ಹೋದರೆ ಪದರ ತಾನಾಗಿ ಕೂಡುತ್ತದೆ. ಮೊಟ್ಟೆಯನ್ನು ಆ ಅವಧಿಯಲ್ಲಿ ದೂರವಿಡಿ. ಎಳೆಯ ಬಾಣಲೆಗೆ ಮೊಟ್ಟೆಯಷ್ಟು ಅಂಟುವುದು ಬೇರೊಂದಿಲ್ಲ.

ಕಾವಿನ ಹದ

ಬೀಡು ಶಾಖವನ್ನು ಚೆನ್ನಾಗಿ ಹಿಡಿದಿಡುತ್ತದೆಯಾದರೂ ಅದನ್ನು ಹರಡುವುದರಲ್ಲಿ ನಿಧಾನಿ. ಅಲ್ಯೂಮಿನಿಯಂ ಇದಕ್ಕಿಂತ ನಾಲ್ಕು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸಬಲ್ಲದು. ಆದ್ದರಿಂದ ದೊಡ್ಡ ಉರಿಯ ಮೇಲಿಟ್ಟ ಬೀಡಿನ ಬಾಣಲೆಯ ನಡುಭಾಗ ಸೀಯುವಷ್ಟು ಕಾದಿದ್ದರೂ ಅಂಚು ಇನ್ನೂ ತಣ್ಣಗಿರುತ್ತದೆ. ಸಣ್ಣ ಉರಿಗಿಂತ ಸ್ವಲ್ಪ ಹೆಚ್ಚಿನ ಉರಿಯಲ್ಲಿ ಖಾಲಿ ಬಾಣಲೆಯನ್ನು ಆರೇಳು ನಿಮಿಷ ಕಾಯಿಸಿ, ನಡುನಡುವೆ ಕಾಲು ಸುತ್ತು ತಿರುಗಿಸುತ್ತಿದ್ದರೆ ಕಾವು ಎಲ್ಲೆಡೆ ಸಮನಾಗುತ್ತದೆ. ತರಕಾರಿ ಹೆಚ್ಚಿಕೊಳ್ಳುವುದಕ್ಕೆ ಈ ಸಮಯ ಸರಿಹೋಗುತ್ತದೆ. ನಾಲ್ಕು ಹನಿ ನೀರು ಚಿಮುಕಿಸಿದಾಗ ಚುರ್ರೆಂದು ತಕ್ಷಣ ಆವಿಯಾದರೆ ದೋಸೆಗೂ ಒಗ್ಗರಣೆಗೂ ಹದ ಸರಿಯಾಗಿದೆ. ಹನಿಗಳು ಆವಿಯಾಗದೆ ಗೋಲಿಯಂತೆ ಉರುಳಾಡತೊಡಗಿದರೆ ಕಾವು ಹೆಚ್ಚಾಗಿದೆ ಎಂದರ್ಥ, ಮಾಂಸವನ್ನು ಕೆಂಪಗೆ ಹುರಿಯುವುದಕ್ಕೆ ಮಾತ್ರ ಅದು ಒಪ್ಪುತ್ತದೆ.

ತಣ್ಣನೆಯ ಬಾಣಲೆಗೇ ತಟ್ಟುವ ಅಕ್ಕಿ ರೊಟ್ಟಿಯೊಂದನ್ನು ಬಿಟ್ಟರೆ, ಬಾಣಲೆ ಕಾದ ಮೇಲೆ ಎಣ್ಣೆ, ಎಣ್ಣೆ ಕಾದ ಮೇಲೆ ಪದಾರ್ಥ ಎಂಬ ಕ್ರಮವನ್ನು ತಪ್ಪಿಸಬಾರದು. ಪದಾರ್ಥ ಬಿದ್ದ ಮೇಲೆ ಉರಿಯನ್ನು ತಗ್ಗಿಸಿ. ಅಡುಗೆ ಪೂರ್ತಿ ಮುಗಿಯುವುದಕ್ಕೆ ಮೂರು ನಾಲ್ಕು ನಿಮಿಷ ಮೊದಲೇ ಒಲೆ ಆರಿಸುವುದನ್ನು ರೂಢಿಸಿಕೊಳ್ಳಿ, ಏಕೆಂದರೆ ಉರಿ ಆರಿದ ಮೇಲೂ ಒಳಗೆ ಬೇಯುವಿಕೆ ನಡೆದೇ ಇರುತ್ತದೆ. ಇಂಡಕ್ಷನ್ ಒಲೆಯವರು ಮೊದಲ ಐದು ನಿಮಿಷ ಕಡಿಮೆ ಮಟ್ಟದಲ್ಲಿಟ್ಟು ಮೆಲ್ಲನೆ ಏರಿಸಬೇಕು. ಹೊರದೇಶದಲ್ಲಿ ಗಾಜಿನ ಮೇಲ್ಮೈಯ ವಿದ್ಯುತ್ ಒಲೆ ಬಳಸುವ ಕನ್ನಡಿಗರು ಬಾಣಲೆಯನ್ನು ಎಳೆಯದೆ ಎತ್ತಿಯೇ ಇಡಬೇಕು, ಇಲ್ಲವಾದರೆ ಗಾಜಿನ ಮೇಲೆ ಗೀರು ಬೀಳುತ್ತದೆ. ಪಳಗಿಸುವ ಕೆಲಸವನ್ನು ಅವರು 230 ಡಿಗ್ರಿ ಸೆಲ್ಸಿಯಸ್‌ನ ಓವನ್ನಿನಲ್ಲಿ ಬಾಣಲೆಯನ್ನು ಮಗುಚಿಟ್ಟು ಒಂದು ಗಂಟೆ ಮಾಡಿದರೆ, ಹೊಗೆ ಕಡಿಮೆಯಾಗಿ ಮನೆಯ ಅಲಾರಾಂ ಕೂಗುವುದೂ ತಪ್ಪಬಹುದು.

ಉಳಿದ ಹಿಟ್ಟಿನ ದಪ್ಪ ದೋಸೆ

ಇದು ಎಲ್ಲಕ್ಕಿಂತ ಸುಲಭ, ಹೊಸ ಬಾಣಲೆಗೆ ಎಲ್ಲಕ್ಕಿಂತ ಹಿತ. ಎರಡೂವರೆ ಲೋಟ ಇಡ್ಲಿ ಅಥವಾ ದೋಸೆ ಹಿಟ್ಟಿಗೆ, ಸ್ವಲ್ಪ ಹುಳಿ ಬಂದಿದ್ದರೂ ಅಡ್ಡಿಯಿಲ್ಲ, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ತುರಿದ ಒಂದು ಕ್ಯಾರೆಟ್, ಮೂರು ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ ಸೊಪ್ಪು ಮತ್ತು ತೆಂಗಿನಕಾಯಿಯ ಸಣ್ಣ ಚೂರುಗಳನ್ನು ಬೆರೆಸಿಡಿ. ಬಾಣಲೆ ಕಾದ ಮೇಲೆ ಎರಡು ದೊಡ್ಡ ಚಮಚ ಎಣ್ಣೆ ಹಾಕಿ, ಅಂಚಿನವರೆಗೂ ಹರಡುವಂತೆ ಬಾಗಿಸಿ, ಸಾಸಿವೆ, ಉದ್ದಿನಬೇಳೆ, ಕರಿಬೇವು ಮತ್ತು ಒಂದು ಚಮಚ ಎಳ್ಳನ್ನು ಸಿಡಿಸಿ, ಅದರ ಮೇಲೆಯೇ ಹಿಟ್ಟನ್ನು ಸುರಿಯಿರಿ. ಹಿಟ್ಟು ಬಿದ್ದ ಕೂಡಲೇ ಸುತ್ತ ಅಂಚಿನಲ್ಲಿ ಎಣ್ಣೆ ನೊರೆಗಟ್ಟಿ ಕುದಿಯುವುದು ಕಾಣಬೇಕು. ಕಾಣದಿದ್ದರೆ ಕಾವು ಸಾಲದು, ತಳ ಅಂಟಿಕೊಳ್ಳುತ್ತದೆ.

ಮುಚ್ಚಳ ಮುಚ್ಚಿ, ಉರಿಯನ್ನು ಪೂರ್ತಿ ಸಣ್ಣದು ಮಾಡಿ, ಹನ್ನೆರಡು ನಿಮಿಷ ಮುಟ್ಟದೆ ಬಿಡಿ. ಮೇಲ್ಭಾಗದ ಹೊಳಪು ಹೋಗಿ, ಸಣ್ಣ ಸಣ್ಣ ತೂತುಗಳು ತೆರೆದು, ಅಂಚು ಕೆಂಪಾಗಿ ಬಾಣಲೆಯನ್ನು ಬಿಟ್ಟು ಒಳಸರಿದಿದ್ದರೆ ತಿರುವಿಹಾಕುವ ಹೊತ್ತಾಯಿತೆಂದು ತಿಳಿಯಬಹುದು. ಅಷ್ಟು ದಪ್ಪದ ದೋಸೆಯನ್ನು ಸಟ್ಟುಗದಿಂದ ಒಂದೇ ಸಲಕ್ಕೆ ಮಗುಚಲು ಹೋದರೆ ಮುರಿಯುವುದೇ ಹೆಚ್ಚು. ಸುತ್ತಲೂ ಸಟ್ಟುಗ ಆಡಿಸಿ ಬಿಡಿಸಿಕೊಂಡು, ದೋಸೆಯನ್ನು ಒಂದು ತಟ್ಟೆಗೆ ಜಾರಿಸಿ, ಇನ್ನೊಂದು ತಟ್ಟೆಯನ್ನು ಅದರ ಮೇಲೆ ಮುಚ್ಚಿ ತಿರುಗಿಸಿ, ಮತ್ತೆ ಬಾಣಲೆಗೆ ಜಾರಿಸುವುದು ಕ್ಷೇಮ. ಎರಡನೆಯ ಬದಿಗೆ ಮುಚ್ಚಳ ಬೇಡ. ಐದು ನಿಮಿಷ ಬೇಯಿಸಿ, ಉರಿ ಆರಿಸಿ, ಇನ್ನೂ ಮೂರು ನಿಮಿಷ ಅಲ್ಲಿಯೇ ಬಿಟ್ಟು, ನಾಲ್ಕು ಭಾಗ ಮಾಡಿ ಬಡಿಸಿ. ಚಟ್ನಿಪುಡಿಯ ಜೊತೆ ಗಟ್ಟಿ ಮೊಸರಿದ್ದರೆ ಊಟಕ್ಕೆ ಬೇರೇನೂ ಬೇಕಾಗುವುದಿಲ್ಲ.

ಬಾಣಲೆಗೆ ತಟ್ಟುವ ಅಕ್ಕಿ ರೊಟ್ಟಿ

ಹಳೆಯ ಮೈಸೂರು ಭಾಗದ ಮನೆಗಳಲ್ಲಿ ಅಕ್ಕಿ ರೊಟ್ಟಿಯನ್ನು ತಣ್ಣನೆಯ ಬಾಣಲೆಗೆ ನೇರವಾಗಿ ತಟ್ಟಿ, ಬಾಣಲೆಯ ಸಮೇತ ಒಲೆಗೇರಿಸುವ ಪದ್ಧತಿಯಿದೆ. ಹೀಗೆ ಮಾಡಿದ ರೊಟ್ಟಿಯ ತಳ ಹೆಂಚಿನ ಮೇಲೆ ಬೇಯಿಸಿದ್ದಕ್ಕಿಂತ ಹೆಚ್ಚು ಗರಿಯಾಗಿರುತ್ತದೆ, ಮೇಲ್ಭಾಗ ಮುಚ್ಚಳದ ಹಬೆಯಲ್ಲಿ ಮೆತ್ತಗೆ ಬೆಂದಿರುತ್ತದೆ. ಎರಡು ಲೋಟ ಅಕ್ಕಿ ಹಿಟ್ಟಿಗೆ ಒಂದು ಲೋಟ ಬೇಯಿಸಿದ ಅವರೆಕಾಳು ಅಥವಾ ಅಷ್ಟೇ ಹೆಚ್ಚಿದ ಸಬ್ಬಸಿಗೆ ಸೊಪ್ಪು, ಅರ್ಧ ಲೋಟ ತೆಂಗಿನ ತುರಿ, ಒಂದು ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಬೆರೆಸಿ, ಬಿಸಿನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಚಪಾತಿ ಹಿಟ್ಟಿಗಿಂತ ಮೆತ್ತಗೆ ಕಲಸಿ. ಸೊಪ್ಪು, ಈರುಳ್ಳಿಗಳು ತಾವೇ ನೀರು ಬಿಡುವುದರಿಂದ ನೀರಿನ ಅಳತೆಯನ್ನು ಕೈಯೇ ನಿರ್ಧರಿಸಬೇಕು. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಅವರೆಯ ಕಾಲದಲ್ಲಿ ಸೊಪ್ಪಿನ ಮಾತೆತ್ತುವುದೇ ಬೇಡ, ಕಾಳನ್ನೇ ಹಾಕಿ.

ಬಾಣಲೆಗೆ ಒಂದು ಚಮಚ ಎಣ್ಣೆ ಸವರಿ, ಹಿಟ್ಟಿನ ಉಂಡೆಯನ್ನು ನಡುವೆ ಇಟ್ಟು, ನೀರಿನಲ್ಲಿ ಅದ್ದಿದ ಬೆರಳುಗಳಿಂದ ಅಂಚಿನ ಕಡೆಗೆ ತೆಳ್ಳಗೆ ತಟ್ಟುತ್ತ ಹೋಗಿ. ನಾಲ್ಕೈದು ಕಡೆ ಬೆರಳಿನಿಂದ ತೂತು ಮಾಡಿ, ಪ್ರತಿ ತೂತಿಗೂ ಎರಡು ಹನಿ ಎಣ್ಣೆ ಬಿಡಿ. ಮುಚ್ಚಳ ಹಾಕಿ ಹದವಾದ ಉರಿಯಲ್ಲಿಟ್ಟರೆ, ಬಾಣಲೆ ತಣ್ಣಗಿನಿಂದ ಕಾಯಬೇಕಾದ ಕಾರಣ ಮೊದಲ ರೊಟ್ಟಿಗೆ ಎಂಟೊಂಬತ್ತು ನಿಮಿಷ ಹಿಡಿಯುತ್ತದೆ. ತೂತುಗಳ ಸುತ್ತ ಕೆಂಪು ಬಳೆ ಕಾಣಿಸಿ, ಸಟ್ಟುಗ ತಾಗಿಸಿದರೆ ರೊಟ್ಟಿ ಇಡಿಯಾಗಿ ಅಲುಗಿದಾಗ ಬೆಂದಿದೆ ಎಂದರ್ಥ.

ತೊಡಕು ಎದುರಾಗುವುದು ಎರಡನೆಯ ರೊಟ್ಟಿಗೆ. ತಗಡಿನ ಬಾಣಲೆಯಾದರೆ ಅದನ್ನು ಬೋರಲು ಹಾಕಿ ಬೆನ್ನಿನ ಮೇಲೆ ನಲ್ಲಿ ನೀರು ಬಿಟ್ಟು ಆರಿಸಿಕೊಳ್ಳುವುದು ಎಷ್ಟೋ ಅಡುಗೆಮನೆಗಳ ಅಭ್ಯಾಸ. ಬೀಡಿನ ಬಾಣಲೆಗೆ ಹಾಗೆ ಎಂದೂ ಮಾಡಬಾರದು. ಅದು ತಾನಾಗಿ ಆರುವುದಕ್ಕೆ ಅರ್ಧ ಗಂಟೆಯೂ ಬೇಕಾದೀತು, ಹಸಿದವರು ಅಷ್ಟು ಕಾಯಲಾರರು. ಆದ್ದರಿಂದ ಎರಡನೆಯದರಿಂದ ಮುಂದಕ್ಕೆ ಎಣ್ಣೆ ಸವರಿದ ಬಾಳೆ ಎಲೆಯ ಮೇಲೆ ರೊಟ್ಟಿ ತಟ್ಟಿ, ಎಲೆಯನ್ನು ಎರಡೂ ಅಂಗೈಗಳಲ್ಲಿ ಹಿಡಿದು ಕಾದ ಬಾಣಲೆಗೆ ಮಗುಚಿ ಹಾಕಿ. ಒಂದು ನಿಮಿಷದಲ್ಲಿ ಎಲೆ ಬಾಡಿ, ಮೂಲೆ ಹಿಡಿದು ಎಳೆದರೆ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಇವುಗಳಿಗೆ ನಾಲ್ಕೈದು ನಿಮಿಷ ಸಾಕು. ಆದರೂ ಬಾಣಲೆಗೆ ತಟ್ಟಿದ ಮೊದಲ ರೊಟ್ಟಿಯ ತಳಕ್ಕೆ ಇವು ಸಾಟಿಯಲ್ಲ ಎನ್ನುವುದನ್ನು ಒಪ್ಪಿಕೊಳ್ಳಬೇಕು. ಎರಡು ಬಾಣಲೆಗಳಿರುವ ಮನೆಯವರು ಅದೃಷ್ಟವಂತರು.

ಬನ್ಸಿ ರವೆಯ ತರಕಾರಿ ಉಪ್ಪಿಟ್ಟು

ಉಪ್ಪಿಟ್ಟನ್ನು ಎಲ್ಲರೂ ಬಲ್ಲರು, ಹೀಗಾಗಿ ಬೀಡಿನಲ್ಲಿ ಏನು ಬದಲಾಗುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ. ಒಂದು ಲೋಟ ಬನ್ಸಿ ರವೆಯನ್ನು ಹುರಿಯುವಾಗ ಪರಿಮಳ ಬಂದ ಕೂಡಲೇ ತಟ್ಟೆಗೆ ಸುರಿದುಬಿಡಬೇಕು. ಉರಿ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಅದು ಹುರಿಯುತ್ತಲೇ ಹೋಗಿ ಕಂದಾಗುತ್ತದೆ. ಅದೇ ಬಾಣಲೆಯಲ್ಲಿ ಒಗ್ಗರಣೆ ಹಾಕಿ, ಹುರುಳಿಕಾಯಿ, ಕ್ಯಾರೆಟ್, ಬಟಾಣಿಗಳನ್ನು ಬಾಡಿಸಿದ ಮೇಲೆ ಎರಡೂವರೆ ಲೋಟ ಕುದಿಯುವ ನೀರನ್ನೇ ಹಾಕಬೇಕು. ತಣ್ಣೀರು ಸುರಿದರೆ ಬಾಣಲೆಯ ಕಾವೆಲ್ಲ ಇಳಿಯುತ್ತದೆ, ಬಿರುಕಿನ ಭಯ ಬೇರೆ. ರವೆ ಉದುರಿಸಿ, ಗಂಟಾಗದಂತೆ ಕೈಯಾಡಿಸಿ, ಮುಚ್ಚಿ ಮೂರು ನಿಮಿಷಕ್ಕೆ ಒಲೆ ಆರಿಸಿ, ಮತ್ತೆ ಏಳೆಂಟು ನಿಮಿಷ ಮುಚ್ಚಳ ತೆಗೆಯದಿದ್ದರೆ ಬಾಣಲೆಯೇ ಉಳಿದದ್ದನ್ನು ನೋಡಿಕೊಳ್ಳುತ್ತದೆ. ತಳದಲ್ಲಿ ತೆಳುವಾದ ಕೆಂಪು ಹಕ್ಕಳೆ ಕಟ್ಟಿರುತ್ತದೆ. ಅದನ್ನು ಸಟ್ಟುಗದಿಂದ ಎಬ್ಬಿಸಿ ಬಡಿಸಿದರೆ ಮಕ್ಕಳು ಮೊದಲು ಕೇಳುವುದು ಅದನ್ನೇ. ನಿಂಬೆರಸವನ್ನು ತಟ್ಟೆಗೆ ಬಡಿಸಿದ ಮೇಲೆ ಹಿಂಡಿ.

ಇದೇ ಕ್ರಮದಲ್ಲಿ ಆಳವಾದ ಬಂಡಿಯಲ್ಲಿ ಮೆಂತ್ಯ ಸೊಪ್ಪಿನ ಬಾತನ್ನೂ ಮಾಡಬಹುದು: ಒಂದು ಲೋಟ ಸೋನಾ ಮಸೂರಿಗೆ ಎರಡು ಲೋಟ ಕುದಿಯುವ ನೀರು, ಮುಚ್ಚಿದ ಮೇಲೆ ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ, ಆರಿಸಿದ ಮೇಲೆ ಹತ್ತು ನಿಮಿಷ.

ಕಾಳುಮೆಣಸಿನ ಕೋಳಿ, ಜೊತೆಗೆ ಆಲೂಗಡ್ಡೆ

ಮಾಂಸಾಹಾರಿಗಳ ಮನೆಯಲ್ಲಿ ಬೀಡು ತನ್ನ ಪೂರ್ತಿ ಶಕ್ತಿ ತೋರಿಸುವುದು ಇಲ್ಲಿ. ತೆಳು ಪಾತ್ರೆಗೆ ತಣ್ಣನೆಯ ಮಾಂಸ ಬಿದ್ದರೆ ಕಾವು ಥಟ್ಟನೆ ಇಳಿದು, ಮಾಂಸ ನೀರು ಬಿಟ್ಟು ಅದರಲ್ಲೇ ಬೇಯುತ್ತದೆ; ಕಾದ ಬೀಡು ಅಷ್ಟು ಬೇಗ ಸೋಲುವುದಿಲ್ಲ. ಸುಮಾರು 600 ಗ್ರಾಮಿನಷ್ಟು ಕೋಳಿಯ ಕಾಲಿನ ತುಂಡುಗಳಿಗೆ ಉಪ್ಪು, ಅರಿಶಿನ, ಜಜ್ಜಿದ ಶುಂಠಿ ಬೆಳ್ಳುಳ್ಳಿ ಮತ್ತು ತರಿತರಿಯಾಗಿ ಕುಟ್ಟಿದ ಒಂದು ಚಮಚ ಕಾಳುಮೆಣಸನ್ನು ಹಚ್ಚಿ ಅರ್ಧ ಗಂಟೆ ಬಿಡಿ. ಮೊಸರು ಹಚ್ಚಬೇಡಿ, ಅದರ ನೀರಿನಂಶ ಕೆಂಪಗಾಗಲು ಬಿಡುವುದಿಲ್ಲ. ಒಲೆಗೆ ಹಾಕುವ ಮುನ್ನ ತುಂಡುಗಳ ಮೇಲಿನ ತೇವವನ್ನು ಬಟ್ಟೆಯಿಂದ ಒತ್ತಿ ತೆಗೆಯಿರಿ.

ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಎರಡು ದೊಡ್ಡ ಚಮಚ ತೆಂಗಿನೆಣ್ಣೆ ಹಾಕಿ, ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಇಡಿ. ಇಟ್ಟ ಮೇಲೆ ಐದು ನಿಮಿಷ ಕೈ ಹಾಕಬಾರದು. ಮೊದಲ ನಿಮಿಷದಲ್ಲಿ ಎತ್ತಲು ನೋಡಿದರೆ ಮಾಂಸ ಲೋಹವನ್ನು ಕಚ್ಚಿಕೊಂಡಿರುತ್ತದೆ, ಎಳೆದರೆ ಹರಿಯುತ್ತದೆ. ಕೆಂಪು ಪೊರೆ ಕಟ್ಟಿದ ಮೇಲೆ ತಾನೇ ಬಿಟ್ಟುಕೊಳ್ಳುತ್ತದೆ. ಆಗ ತಿರುವಿಹಾಕಿ, ನಡುವಿನ ಜಾಗಗಳಲ್ಲಿ ಬೆರಳುಗಾತ್ರಕ್ಕೆ ಹೆಚ್ಚಿದ ಎರಡು ಆಲೂಗಡ್ಡೆಗಳನ್ನು ಉಪ್ಪು ಸವರಿ ತುಂಬಿ, ಮುಚ್ಚಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ. ಮೂಳೆಯ ಹತ್ತಿರ ಚುಚ್ಚಿದಾಗ ಬರುವ ರಸದಲ್ಲಿ ಕೆಂಪಿರಬಾರದು. ಕೊನೆಗೆ ಮುಚ್ಚಳ ತೆಗೆದು, ಉದ್ದಕ್ಕೆ ಹೆಚ್ಚಿದ ಈರುಳ್ಳಿ, ಧಾರಾಳವಾಗಿ ಕರಿಬೇವು ಮತ್ತು ಇನ್ನೊಂದು ಚಮಚ ಕಾಳುಮೆಣಸು ಹಾಕಿ, ತಳದಲ್ಲಿ ಅಂಟಿದ ಮಸಾಲೆಯನ್ನು ಕೆರೆದು ಸೇರಿಸುತ್ತ ಐದು ನಿಮಿಷ ಹುರಿಯಿರಿ. ಕೊಡಗಿನ ಕಾಚಂಪುಳಿ ಎಂಬ ಕಪ್ಪು ಹುಳಿರಸ ಮನೆಯಲ್ಲಿದ್ದರೆ, ಒಲೆ ಆರಿಸಿ, ಕೋಳಿಯನ್ನು ಬಡಿಸುವ ಪಾತ್ರೆಗೆ ತೆಗೆದ ಮೇಲೆ ಅರ್ಧ ಚಮಚ ಬೆರೆಸಿದರೆ ರುಚಿ ಎದ್ದು ಬರುತ್ತದೆ.

ಈ ಬಾಣಲೆಗೆ ಒಗ್ಗದವು

ಹುಣಸೆ, ಟೊಮ್ಯಾಟೊ, ಮೊಸರು, ಕಾಚಂಪುಳಿಗಳನ್ನು ಕೊನೆಗೆ, ಅದೂ ಬಾಣಲೆಯ ಹೊರಗೆ ಹಾಕಿ ಎಂದು ಹೇಳುವುದಕ್ಕೆ ಕಾರಣವಿದೆ. ಹುಳಿ ಪದಾರ್ಥ ಹೆಚ್ಚು ಹೊತ್ತು ಕುದಿದರೆ ಪಳಗಿದ ಪದರವನ್ನು ತಿಂದು, ಕಬ್ಬಿಣವನ್ನು ಕರಗಿಸಿಕೊಂಡು, ಲೋಹದ ರುಚಿಯನ್ನೂ ಕಪ್ಪು ಬಣ್ಣವನ್ನೂ ಪಡೆಯುತ್ತದೆ. ಹುಳಿ, ಸಾರು, ಗೊಜ್ಜು, ಬಿಸಿಬೇಳೆ ಬಾತುಗಳಿಗೆ ಸ್ಟೀಲ್ ಪಾತ್ರೆಯೇ ಸರಿ. ನೆಲ್ಲಿಕಾಯಿ, ಬದನೆಕಾಯಿಗಳಂಥ ಒಗರಿರುವ ಪದಾರ್ಥಗಳೂ ಕಬ್ಬಿಣ ತಾಗಿ ಕಪ್ಪಾಗುತ್ತವೆ. ಅದರಿಂದ ಕೇಡಿಲ್ಲ, ನೋಟಕ್ಕೆ ಹಿತವೆನಿಸುವುದಿಲ್ಲ ಅಷ್ಟೆ. ಊಟದಲ್ಲಿ ಕಬ್ಬಿಣದ ಅಂಶ ಸ್ವಲ್ಪ ಹೆಚ್ಚುವುದು ರಕ್ತಹೀನತೆಯಿರುವವರಿಗೆ ಅನುಕೂಲವೇ. ಆದರೆ ಥಲಸ್ಸೇಮಿಯಾಕ್ಕೆ ರಕ್ತ ಹಾಕಿಸಿಕೊಳ್ಳುವವರು ಹಾಗೂ ಮೈಯಲ್ಲಿ ಕಬ್ಬಿಣ ಶೇಖರವಾಗುವ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಬಳಸಬೇಕು.

ದೋಸೆಗೆಂದು ಪಳಗಿಸಿದ ಕಾವಲಿಯ ಮೇಲೆ ಚಪಾತಿ ಸುಡಬಾರದೆಂದು ಮನೆಗಳಲ್ಲಿ ಹೇಳುವುದು ಬರಿಯ ಶಾಸ್ತ್ರವಲ್ಲ. ಎಣ್ಣೆಯಿಲ್ಲದ ಒಣ ಕಾವು ಮತ್ತು ಉದುರುವ ಹಿಟ್ಟು ಎರಡೂ ಸೇರಿ ಪದರವನ್ನು ಸುಟ್ಟುಹಾಕುತ್ತವೆ, ಮರುದಿನ ದೋಸೆ ಏಳುವುದಿಲ್ಲ. ಮೀನು ಹುರಿದ ಬಾಣಲೆಯನ್ನೂ ಅದಕ್ಕೆಂದೇ ಬೇರೆಯಿಡುವುದು ಒಳ್ಳೆಯದು, ಇಲ್ಲವಾದರೆ ಮಾರನೆಯ ದಿನದ ದಪ್ಪ ದೋಸೆಗೂ ಅದರ ವಾಸನೆ ಹತ್ತುತ್ತದೆ.

ಊಟವಾದ ಮೇಲೆ

ಉಳಿದದ್ದನ್ನು ಆ ರಾತ್ರಿಯೇ ಬೇರೆ ಪಾತ್ರೆಗೆ ತೆಗೆದಿಡಬೇಕು. ಬಾಣಲೆ ಉಗುರುಬೆಚ್ಚಗಿರುವಾಗಲೇ ಬಿಸಿನೀರು, ತೆಂಗಿನ ನಾರಿನಿಂದ ಉಜ್ಜಿದರೆ ಬಹುಪಾಲು ಹೋಗುತ್ತದೆ. ಅಂಟಿಕೊಂಡದ್ದಕ್ಕೆ ಒಂದು ಮುಷ್ಟಿ ಕಲ್ಲುಪ್ಪು ಹಾಕಿ ತಿಕ್ಕಬಹುದು, ಅಥವಾ ಅರ್ಧ ಲೋಟ ನೀರು ಹಾಕಿ ಎರಡು ನಿಮಿಷ ಕುದಿಸಿ ಮರದ ಸಟ್ಟುಗದಿಂದ ಕೆರೆಯಬಹುದು. ಕೋಳಿಯ ಜಿಡ್ಡಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಬಳಸಿದರೆ ಪದರಕ್ಕೆ ಹಾನಿಯಾಗುವುದಿಲ್ಲ. ಸೋಪು ತಾಗಿಸಲೇಬಾರದೆಂಬ ಮಾತು ಕಟುವಾದ ಕ್ಷಾರದ ಸೋಪುಗಳಿದ್ದ ಕಾಲಕ್ಕೆ ಸೇರಿದ್ದು. ಸ್ಟೀಲಿನ ಸುರುಳಿ ನಾರು ಮತ್ತು ಹುಣಸೆಹಣ್ಣು ಮಾತ್ರ ಬೇಡ. ಸಿಂಕಿನಲ್ಲಿ ನೆನೆಯಲು ಬಿಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕು ಕಾಣಿಸುತ್ತದೆ.

ತೊಳೆದ ಮೇಲೆ ಒರೆಸಿ, ಒಲೆಯ ಮೇಲೆ ಎರಡು ನಿಮಿಷ ಒಣಗಿಸಿ, ಅರ್ಧ ಚಮಚ ಎಣ್ಣೆಯನ್ನು ಬಟ್ಟೆಯಲ್ಲಿ ತೆಗೆದುಕೊಂಡು ಒಳಭಾಗಕ್ಕೆ ಸವರಿ, ಮತ್ತೆ ಒಣ ಬಟ್ಟೆಯಿಂದ ಒರೆಸಿಡಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ, ಮುಚ್ಚಳ ಹಾಕಿ ಇಡಬಾರದು. ಒಳಗೆ ತೇವ ಕಟ್ಟುತ್ತದೆ. ಹಾಳೆ ಕಾಗದವನ್ನು ಒಳಗೆ ಹರಡಿಟ್ಟರೆ ಅದು ತೇವ ಹೀರಿಕೊಳ್ಳುತ್ತದೆ. ಇಷ್ಟಾದರೂ ತುಕ್ಕಿನ ಕೆಂಪು ಚುಕ್ಕೆಗಳು ಕಂಡರೆ ಕಲ್ಲುಪ್ಪು ಮತ್ತು ಎಣ್ಣೆಯಿಂದ ಆ ಜಾಗವನ್ನು ತಿಕ್ಕಿ, ತೊಳೆದು ಒಣಗಿಸಿ, ಹೊಸ ಬಾಣಲೆಯನ್ನು ಪಳಗಿಸಿದಂತೆಯೇ ಒಂದೆರಡು ಸುತ್ತು ಎಣ್ಣೆ ಹಚ್ಚಿ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ.